ಹುಲ್ಲಿನ ಸೀಮೆಯಲ್ಲಿ ಒಂದು ದಿನ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬಂದವರನ್ನು "ಏನೇನು ನೋಡಿದಿರಿ?" ಎಂದು ಕೇಳಿ ನೋಡಿ. ನಯಾಗರಾ ಜಲಪಾತ, ನ್ಯೂಯಾರ್ಕಿನ ಸ್ವಾತಂತ್ರ್ಯದೇವಿ, ವಾಷಿಂಗ್ಟನ್ನಿನ ಶ್ವೇತಭವನ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ನನ್ನನ್ನು ಕೇಳಿದವರಿಗೆ "ಹುಲ್ಲು ನೋಡಿ ಬಂದೆ" ಎಂದರೆ ನಗುತ್ತಾರೆ. "ಅದಕ್ಕೆ ಅಷ್ಟು ದೂರ ಹೋಗಬೇಕಿತ್ತೇನೇ ಮಾರಾಯ್ತಿ? ನಮ್ಮ ಹಿತ್ತಿಲಲ್ಲೇ ಬೇಕಾದಷ್ಟು ಬೆಳೆದಿದೆಯಲ್ಲ!" ಎಂದು ಪಕ್ಕದ ಮನೆಯವರು ಛೇಡಿಸಿದ್ದೂ ಆಯಿತು. ನಗುವವರು ನಗಲಿ. ನಿಮ್ಮ ಮಗಳೋ ಸೊಸೆಯೋ ಅಮೆರಿಕದ ನಟ್ಟನಡುವಿನ ಕ್ಯಾನ್ಸಸ್ ರಾಜ್ಯದಲ್ಲಿದ್ದರೆ, ಅಥವಾ ಮುಂದೆಂದಾದರೂ ನೀವು ಆ ಕಡೆ ಹೋಗುವ ಹಾಗಾದರೆ, ಒಂದು ದಿನ ಬಿಡುವು ಮಾಡಿಕೊಂಡು ಈ ದಾರಿಯಲ್ಲಿ ಹೋಗಿ ಬನ್ನಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೋಗಲಾಗದವರು ಇಲ್ಲಿಂದಲೇ ನನ್ನ ಜೊತೆ ಹೊರಡಿ, ಟಿಕೆಟ್ಟಿನ ಖರ್ಚಿಲ್ಲ.

ಮಗಳು ಅಳಿಯ ಇರುವುದು ವಿಚಿಟಾ ಎಂಬ ಊರಿನಲ್ಲಿ. ವಿಮಾನ ತಯಾರಿಸುವ ಕಾರ್ಖಾನೆಗಳಿಗೆ ಹೆಸರಾದ ಊರು. ಊರು ದಾಟಿದರೆ ಸಾಕು, ಕಣ್ಣು ಹಾಯುವಷ್ಟು ದೂರ ಬಟಾಬಯಲು. ಗೋಧಿ ಹೊಲ, ಅದು ಮುಗಿದರೆ ಜೋಳದ ಹೊಲ. ಹೌದು, ನಮ್ಮ ರೊಟ್ಟಿ ಜೋಳದ ಒಡಹುಟ್ಟೇ! ಅಲ್ಲಿ ಅದಕ್ಕೆ 'ಮೈಲೋ' ಎನ್ನುತ್ತಾರೆ. ಗಿಡ ಸೊಂಟದೆತ್ತರ, ತೆನೆ ಕೆಂಪು. ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಜೋಳ ಬೆಳೆಯುವುದು ಕ್ಯಾನ್ಸಸ್ಸಿನಲ್ಲೇ ಅಂತೆ. ಆದರೆ ರೊಟ್ಟಿ ತಟ್ಟುವವರೇ ಇಲ್ಲ. ಹೆಚ್ಚಿನದು ದನದ ಮೇವಿಗೆ ಹೋಗುತ್ತದೆ, ಇಲ್ಲವೇ ಕಾರಿಗೆ ಹಾಕುವ ಎಥನಾಲ್ ಆಗುತ್ತದೆ. ಅಷ್ಟು ಜೋಳ ನೋಡಿ ನನ್ನ ಕೈ ಸುಮ್ಮನಿರಲಾರದೆ ತಟಗುಟ್ಟಿತು ಅನ್ನಿ.

ಹೊರಡುವ ಮಾತು ತೆಗೆದವರು ಅಳಿಯಂದಿರು. ಅಕ್ಟೋಬರ್ ತಿಂಗಳು, ಮಗುವಿಗೆ ಎರಡೂವರೆ ತಿಂಗಳು. ಮಗಳು ಡಾಕ್ಟರ ಹತ್ತಿರ ಹೋಗಿ ಬಂದದ್ದು ಬಿಟ್ಟರೆ ಹೊಸಲು ದಾಟಿರಲಿಲ್ಲ. ಮಾತೂ ಕಡಿಮೆಯಾಗಿತ್ತು. ನಾನು ಊರಿಗೆ ವಾಪಸಾಗಲು ಇನ್ನು ಮೂರೇ ವಾರ ಉಳಿದಿತ್ತು. ಆ ವಿಷಯ ಬಂತೋ, ಮಗಳು ಎದ್ದು ಒಗೆದ ಬಟ್ಟೆ ಮಡಿಸಲು ಹೋಗಿಬಿಡುತ್ತಿದ್ದಳು. ಬಟ್ಟೆ ಇಲ್ಲದಿದ್ದರೆ ಮಡಿಸಿಟ್ಟದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. "ಅತ್ತೆ, ಚಳಿ ಶುರುವಾಗೋಕೆ ಮುಂಚೆ ಒಂದಿನ ಹೊರಗೆ ಕರ್ಕೊಂಡು ಹೋಗೋಣ. ಮಗೂಗೂ ಗಾಳಿ ಬೆಳಕು ಬೀಳಲಿ" ಎಂದರು ಅಳಿಯಂದಿರು. ಡಾಕ್ಟರೂ ಹೂಂ ಎಂದರು. ಮಗಳು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ.

ಬುತ್ತಿ ಕಟ್ಟುವುದು ನನ್ನ ಪಾಲಿಗೆ ಬಂತು. ಚಪಾತಿ, ಎಣ್ಣೆ ಮೇಲೆ ತೇಲುವ ಹಾಗೆ ಬಾಡಿಸಿದ ಟೊಮೆಟೊ ಗೊಜ್ಜು, ಮೊಸರನ್ನ, ಬಾಣಂತಿಗೆ ಬೇರೆಯಾಗಿ ಮೆಣಸು ಜೀರಿಗೆ ಹಾಕಿದ ಬೆಳ್ಳುಳ್ಳಿ ಅನ್ನ, ಒಂದು ಡಬ್ಬಿ ಅಂಟಿನುಂಡೆ. ಮೊಸರನ್ನ ಕಲಸುವಾಗ ಹಾಲು ಮುಂದು, ಮೊಸರು ಒಂದೇ ಚಮಚ. ಮಧ್ಯಾಹ್ನದ ಹೊತ್ತಿಗೆ ಹದವಾಗಿರುತ್ತದೆ, ಹುಳಿಯಾಗುವುದಿಲ್ಲ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಆದರೂ ಯಾಕೆ ಹೇಳಿದೆನೆಂದರೆ, ಆ ದಾರಿಯ ಚಿಕ್ಕ ಊರುಗಳಲ್ಲಿ ಹೋಟೆಲುಗಳು ಬೆರಳೆಣಿಕೆಯಷ್ಟು. ಸಿಕ್ಕಲ್ಲೂ ದನದ ಮಾಂಸದ್ದೇ ಅಡುಗೆ ಹೆಚ್ಚು. ಸಸ್ಯಾಹಾರಿಗಳು ಬುತ್ತಿ ಮರೆತರೆ ಆಲೂಗಡ್ಡೆ ಚಿಪ್ಸೇ ಗತಿ. ಪೆಟ್ರೋಲನ್ನೂ ಊರಲ್ಲೇ ತುಂಬಿಸಿಕೊಂಡು ಹೊರಡಬೇಕು.

ಸುಂಕದ ಹೆದ್ದಾರಿಯಲ್ಲಿ ಈಶಾನ್ಯಕ್ಕೆ ಸುಮಾರು 70 ಕಿಲೋಮೀಟರ್ ಹೋಗಿ ಕ್ಯಾಸೊಡೇ ಎಂಬಲ್ಲಿ ಇಳಿದರೆ 177ನೇ ನಂಬರಿನ ಕಿರಿದಾದ ರಸ್ತೆ ಸಿಗುತ್ತದೆ. ಅಲ್ಲಿಂದ ಉತ್ತರಕ್ಕೆ ಕೌನ್ಸಿಲ್ ಗ್ರೋವ್ ಊರಿನವರೆಗೆ 47 ಮೈಲಿ, ಎಂದರೆ ಸುಮಾರು 76 ಕಿಲೋಮೀಟರ್. 'ಫ್ಲಿಂಟ್ ಹಿಲ್ಸ್' ಎಂಬ ಗುಡ್ಡಸೀಮೆಯ ನಡುವೆ ಹಾಯುವ ಈ ದಾರಿಯನ್ನು ನೋಡತಕ್ಕ ರಾಷ್ಟ್ರೀಯ ಮಾರ್ಗವೆಂದು ಅಲ್ಲಿನ ಸರ್ಕಾರ 2005ರಲ್ಲಿ ಗುರುತಿಸಿದೆ. ಕ್ಯಾಸೊಡೇಯಲ್ಲಿ ನೂರು ಚಿಲ್ಲರೆ ಜನ ಇದ್ದಾರು. ಅವರ ಹೆಮ್ಮೆ ಮಾತ್ರ ದೊಡ್ಡದು: ಪ್ರೇರಿ ಕೋಳಿಗೆ ಜಗತ್ತಿನ ರಾಜಧಾನಿ ನಮ್ಮೂರು ಎನ್ನುತ್ತಾರೆ. ವಸಂತಕಾಲದ ಮುಂಜಾನೆ ಈ ಹಕ್ಕಿಯ ಗಂಡು ಕತ್ತಿನ ಕಿತ್ತಳೆ ಬಣ್ಣದ ಚೀಲ ಉಬ್ಬಿಸಿಕೊಂಡು, ಕಾಲು ಬಡಿದು ಕುಣಿಯುತ್ತದೆಯಂತೆ. ನಮ್ಮ ಸಿರುಗುಪ್ಪದ ಎರೆಭೂತ ಹಕ್ಕಿಯೂ ಹಾಗೇ ಗಂಟಲು ಉಬ್ಬಿಸುತ್ತದಲ್ಲ, ಆ ಜಾತಿಯ ಬಿನ್ನಾಣ. ಹುಲ್ಲುಗಾವಲು ಹೋದರೆ ಎರಡೂ ಹೋಗುತ್ತವೆ. ನಮ್ಮದಂತೂ ಹೋಗಿಯೇಬಿಡುವ ಹಾಗಿದೆ.

ಇಲ್ಲಿಂದ ಮುಂದೆ ಮನೆಯಿಲ್ಲ, ಮರವಿಲ್ಲ, ತಂತಿಕಂಬವೂ ಅಪರೂಪ. ಒಂದರ ಹಿಂದೊಂದು ದುಂಡನೆಯ ಗುಡ್ಡ, ಅದರ ಮೇಲೆಲ್ಲ ಹುಲ್ಲು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಅಲ್ಲಿ ನಡೆಯುವುದಿಲ್ಲ. ಹತ್ತಿರ ಹೋದರೂ ನುಣ್ಣಗೇ ಇರುತ್ತದೆ. ಅಕ್ಟೋಬರಿನಲ್ಲಿ ಹುಲ್ಲಿಗೆ ತಾಮ್ರದ ಬಣ್ಣ. ಗಾಳಿ ಬೀಸಿದಾಗ ಹುಣಸೆಹಣ್ಣು ಹಾಕಿ ಆಗತಾನೆ ಬೆಳಗಿಟ್ಟ ಹಂಡೆಯ ಮೇಲೆ ಬಿಸಿಲು ಸರಿದಾಡಿದ ಹಾಗೆ ಕಾಣುತ್ತದೆ. ಗಾಳಿ ಬೀಸದ ಹೊತ್ತೇ ಇಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಸೀರೆಯುಟ್ಟು ಹೋಗುವವರು ಸೆರಗಿಗೆ ಪಿನ್ನು ಹಾಕಿಕೊಳ್ಳಿ.

ಪ್ರೇರಿ ಎಂದರೆ ಅಮೆರಿಕದ ಮಧ್ಯಭಾಗದ ಹುಲ್ಲುಬಯಲು. ಇದರಲ್ಲಿ ಎತ್ತರದ ಹುಲ್ಲಿನ ಬಯಲೊಂದೇ ಹಿಂದೆ 17 ಕೋಟಿ ಎಕರೆ ಇತ್ತಂತೆ. ಈಗ ನೂರಕ್ಕೆ ನಾಲ್ಕು ಪಾಲೂ ಉಳಿದಿಲ್ಲ. ಮಣ್ಣು ಬಲು ಫಲವತ್ತು. ವಲಸೆ ಬಂದವರು ಉತ್ತು ಗೋಧಿ, ಮುಸುಕಿನ ಜೋಳ ಹಾಕಿಬಿಟ್ಟರು. ಉಳಿದ ಅಷ್ಟಿಷ್ಟರಲ್ಲಿ ಹೆಚ್ಚಿನ ಪಾಲು ಇರುವುದು ಈ ಗುಡ್ಡಗಳಲ್ಲೇ. ಯಾಕೆ ಉಳಿಯಿತು ಗೊತ್ತೇ? ಯಾರೋ ಪುಣ್ಯಾತ್ಮರು ಉಳಿಸಿದ್ದಲ್ಲ. ಫ್ಲಿಂಟ್ ಎಂದರೆ ಚಕಮಕಿ ಕಲ್ಲು. ಗೇಣುದ್ದ ಮಣ್ಣಿನ ಕೆಳಗೆ ಸುಣ್ಣಕಲ್ಲು, ಅದರೊಳಗೆ ಚಕಮಕಿ ಕಲ್ಲಿನ ಪದರ. ನೇಗಿಲು ಹೂಡಿದರೆ ಗುಳ ಮುರಿಯುತ್ತಿತ್ತು. ಉಳಲು ಬಾರದ ನೆಲ ಎಂದು ಬಿಟ್ಟು ದನ ಮೇಯಿಸಿದರು, ಹುಲ್ಲು ಬದುಕಿತು. ನಮ್ಮ ಅಜ್ಜಂಪುರದ ಸುತ್ತಿನ ಅಮೃತಮಹಲ್ ಕಾವಲುಗಳನ್ನು ನೋಡಿ ಬೆಳೆದವಳು ನಾನು. ಮೈಸೂರು ಅರಸರ ಕಾಲದಿಂದ ದನಗಳಿಗೆಂದು ಬಿಟ್ಟ ಹುಲ್ಲುನೆಲ ಅದು. 'ಬಂಜರು' ಎಂದು ಕರೆದು ಅದನ್ನು ಹೇಗೆ ಕರಗಿಸಿದರೆಂಬುದೂ ಗೊತ್ತು. ಹಾಗಾಗಿ ಹುಲ್ಲು ಕಂಡರೆ ನನಗೆ ಬೇರೆಯೇ ಒಂದು ಅಕ್ಕರೆ.

ಮ್ಯಾಟ್‌ಫೀಲ್ಡ್ ಗ್ರೀನ್ ಎಂಬ ಊರು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. 2020ರ ಜನಗಣತಿಯಲ್ಲಿ ಅಲ್ಲಿ ಸುಮಾರು ಐವತ್ತು ಜನ. ನಮ್ಮಲ್ಲಿ ಒಂದು ನಾಮಕರಣಕ್ಕೆ ಇದಕ್ಕಿಂತ ಹೆಚ್ಚು ಸೇರುತ್ತಾರೆ. ಮುಂದಿನ ಊರಿನ ಹೆಸರು ಬಜಾರ್. ನಮ್ಮ ಬಜಾರೇ! ನಾನು ಉತ್ಸಾಹದಿಂದ ನೆಟ್ಟಗೆ ಕೂತೆ. ನೋಡಿದರೆ ಒಂದು ಅಂಗಡಿಯೂ ಕಾಣಲಿಲ್ಲ. ಇದರ ಹತ್ತಿರದ ಹುಲ್ಲುಗಾವಲಿನಲ್ಲೇ 1931ರ ಮಾರ್ಚ್ 31ರಂದು ವಿಮಾನ ಬಿದ್ದು, ಫುಟ್ಬಾಲ್ ತರಬೇತುದಾರ ನೂಟ್ ರಾಕ್ನಿಯೂ ಸೇರಿ ಎಂಟು ಜನ ತೀರಿಕೊಂಡರಂತೆ. ಅಲ್ಲಿಯವರಿಗೆ ಆತ ದೊಡ್ಡ ಹೆಸರು. ಅಳಿಯಂದಿರು ಅದನ್ನು ವಿವರಿಸುತ್ತಿದ್ದಾಗ ಮಗು ಅಳಲು ಶುರುಮಾಡಿತು, ಕಥೆ ಅರ್ಧಕ್ಕೇ ನಿಂತಿತು.

ಕಾಟನ್‌ವುಡ್ ಫಾಲ್ಸ್ ಆ ಜಿಲ್ಲೆಯ ಮುಖ್ಯ ಊರು. ಜಿಲ್ಲಾಕೇಂದ್ರ ಎಂದೊಡನೆ ನೀವು ಚಿಕ್ಕಮಗಳೂರನ್ನೋ ಹಾಸನವನ್ನೋ ನೆನೆಯಬೇಡಿ. ಸಾವಿರ ಜನರೂ ಇಲ್ಲ! ಇಟ್ಟಿಗೆ ಹಾಸಿದ ಒಂದು ಅಗಲವಾದ ಬೀದಿ, ಎರಡೂ ಕಡೆ ಹಳೇಕಾಲದ ಕಲ್ಲಿನ ಅಂಗಡಿಗಳು, ಬೀದಿಯ ಕೊನೆಗೆ ಎತ್ತರದಲ್ಲಿ ಕೋರ್ಟಿನ ಕಟ್ಟಡ. 1873ರಲ್ಲಿ ಅಲ್ಲಿನದೇ ಸುಣ್ಣಕಲ್ಲಿನಲ್ಲಿ ಕಟ್ಟಿದ್ದು. ಕೆಂಪು ಚಾವಣಿ, ನೆತ್ತಿಯ ಮೇಲೆ ಗಡಿಯಾರ. ಇವತ್ತಿಗೂ ಅಲ್ಲೇ ಕೋರ್ಟು ಕಚೇರಿ ನಡೆಯುತ್ತದೆ. ಒಳಗೆ ವಾಲ್ನಟ್ ಮರದ ಮೆಟ್ಟಿಲು ಮೂರು ಅಂತಸ್ತಿಗೂ ಸುರುಳಿಯಾಗಿ ಏರುತ್ತದೆ. ಕಟಕಟೆಯಂಥ ಆ ಕೈಪಿಡಿಯನ್ನು ಮುಟ್ಟಿ ನೋಡಬೇಕು. ನೂರೈವತ್ತು ವರ್ಷದ ಅಂಗೈಗಳು ಸವರಿ ಸವರಿ ಎಣ್ಣೆ ಹಚ್ಚಿದಂತೆ ನಯವಾಗಿದೆ. ಮಗಳು ಮಗುವನ್ನು ಎದೆಗೆ ಕಟ್ಟಿಕೊಂಡು ಒಂದು ಅಂತಸ್ತು ಹತ್ತಿದಳು. ಸಾಕೇನೇ ಎಂದೆ. "ಇರಲಿ ಬಾ" ಎಂದು ಮೇಲೆ ಮೇಲೆ ಹತ್ತಿದಳು. ಬೆಳಗಿನಿಂದ ಅವಳ ಬಾಯಿಂದ ಬಂದ ಮೊದಲ ಮಾತು ಅದು.

ನದಿ ದಾಟಿದರೆ ಸ್ಟ್ರಾಂಗ್ ಸಿಟಿ. ಮೊದಲು ಅದಕ್ಕೆ ಕಾಟನ್‌ವುಡ್ ಸ್ಟೇಷನ್ ಎಂಬ ಹೆಸರಿತ್ತು; 1881ರಲ್ಲಿ ಸಾಂಟಾ ಫೇ ರೈಲ್ವೆಯ ಅಧ್ಯಕ್ಷರಾಗಿದ್ದ ವಿಲಿಯಂ ಬಾರ್‌ಸ್ಟೋ ಸ್ಟ್ರಾಂಗ್ ಎಂಬವರ ಹೆಸರಿಟ್ಟರು. ದೊಡ್ಡವರ ಹೆಸರಿಟ್ಟರೆ ಊರೂ ದೊಡ್ಡದಾದೀತೆಂಬ ಆಸೆ ಎಲ್ಲ ಕಡೆಯೂ ಒಂದೇ.

ಅಲ್ಲಿಂದ ಎರಡು ಮೈಲಿಗೆ ಸಿಗುವುದೇ ಈ ಪ್ರಯಾಣದ ಮುಖ್ಯ ಜಾಗ, ಎತ್ತರದ ಹುಲ್ಲಿನ ರಾಷ್ಟ್ರೀಯ ರಕ್ಷಿತ ಪ್ರದೇಶ. ಸುಮಾರು 10,900 ಎಕರೆ. 1996ರಲ್ಲಿ ಇದನ್ನು ರಕ್ಷಿತವೆಂದು ಸಾರಿದರು. ಒಳಗೆ ಹೋಗಲು ದುಡ್ಡಿಲ್ಲ, ಶೌಚಾಲಯ ಚೊಕ್ಕಟವಾಗಿದೆ. ಮಗು ಕರೆದುಕೊಂಡು ಹೋಗುವವರಿಗೆ ಇದು ಸಣ್ಣ ವಿಷಯವಲ್ಲ ನೋಡಿ. ಸ್ಟೀಫನ್ ಜೋನ್ಸ್ ಎಂಬ ದನದ ಜಮೀನುದಾರ 1881ರಲ್ಲಿ ಕಟ್ಟಿಸಿದ ಕಲ್ಲಿನ ಮನೆ ಅಲ್ಲಿದೆ. ಹೆಂಡತಿಯ ಹೆಸರು ಲೂಯೀಸಾ. ಹನ್ನೊಂದು ಕೋಣೆಯ ಮನೆ. ನನಗೆ ಮನೆಗಿಂತ ಅದರ ಸುತ್ತಿನದೇ ಹೆಚ್ಚು ಹಿಡಿಸಿತು. ಊಟೆಯ ನೀರಿನ ತಂಪಿನಲ್ಲಿ ಹಾಲು ಬೆಣ್ಣೆ ಇಡುವ ಕಲ್ಲಿನ ಕೋಣೆ, ಮಂಜುಗಡ್ಡೆ ಕೂಡಿಡುವ ಕೋಣೆ, ಮೇಲೆ ಹುಲ್ಲುಮಣ್ಣು ಹೊದೆಸಿದ ಕೋಳಿಗೂಡು, ಮೂರು ಜನ ಒಟ್ಟಿಗೇ ಕೂರಬಹುದಾದ ಕಲ್ಲಿನ ಕಕ್ಕಸು! ನಾವು ತಾಯಿಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ದನದ ಕೊಟ್ಟಿಗೆಯಂತೂ ಮೂರು ಅಂತಸ್ತು. ಗುಡ್ಡದ ಇಳಿಜಾರಿಗೆ ಒತ್ತಿ ಕಟ್ಟಿರುವುದರಿಂದ ಹುಲ್ಲಿನ ಗಾಡಿ ನೇರ ಮೇಲಿನ ಅಂತಸ್ತಿಗೇ ಹೋಗುತ್ತಿತ್ತು. ಮೇಲಿಂದ ಮೇವು ಕೆಳಗೆ ತಳ್ಳಿದರಾಯಿತು. ಬುದ್ಧಿವಂತ ಜನ.

ಆದರೆ ಆ ಮನೆಯ ಕಿಟಕಿಯಲ್ಲಿ ನಿಂತು ನೋಡಿದಾಗ ನನಗನ್ನಿಸಿದ್ದು ಬೇರೆ. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇನ್ನೊಂದು ಮನೆಯ ಹೊಗೆ ಇಲ್ಲ. ಸಕ್ಕರೆ ಮುಗಿದರೆ ಲೋಟ ಹಿಡಿದುಕೊಂಡು ಹೋಗಲು ಪಕ್ಕದ ಮನೆ ಇಲ್ಲ. ಹನ್ನೊಂದು ಕೋಣೆ ಇದ್ದರೂ ಮಾತಾಡಲು ಹೆಂಗಸೊಬ್ಬಳು ಬೇಕಲ್ಲ? ಮಗಳ ಮನೆಯ ಓಣಿಯಲ್ಲಿ ಮನೆಗಳೇನೋ ಸಾಲಾಗಿವೆ. ಆದರೆ ಬೆಳಗ್ಗೆ ಎಲ್ಲರೂ ಕಾರು ಹತ್ತಿ ಹೋದಮೇಲೆ ಸಂಜೆಯವರೆಗೆ ಅಲ್ಲೂ ಬರೀ ಗಾಳಿಯ ಸದ್ದೇ.

ಹತ್ತಿರದ ಗುಡ್ಡದ ಮೇಲೆ ಒಂದೇ ಕೋಣೆಯ ಕಲ್ಲಿನ ಸ್ಕೂಲಿದೆ. 1882ರಲ್ಲಿ ಕಟ್ಟಿದ್ದು, 1930ರವರೆಗೆ ಪಾಠ ನಡೆಯಿತು. ಅದರ ಪಕ್ಕ ಜಮಖಾನ ಹಾಸಿ ಬುತ್ತಿ ಬಿಚ್ಚಿದೆವು. ಮೊಸರನ್ನ ಹದವಾಗಿತ್ತು. ಹುಲ್ಲನ್ನು ಕೈಯಲ್ಲಿ ಹಿಡಿದು ನೋಡಿದ್ದು ಅಲ್ಲಿಯೇ. 'ಬಿಗ್ ಬ್ಲೂಸ್ಟೆಮ್' ಎಂದು ಅದರ ಹೆಸರು; ತೆನೆ ಮೂರು ಸೀಳಾಗಿ ಕೋಳಿಯ ಕಾಲಿನಂತಿರುತ್ತದೆ. ಒಳ್ಳೆ ಮಳೆಯಾದ ವರ್ಷ ಆಳಿಗಿಂತ ಎತ್ತರ ಬೆಳೆಯುತ್ತದೆ. ಆದರೆ ಮೇಲೆ ಕಾಣುವುದು ಕಡಿಮೆ ಪಾಲು; ಬೇರು ಹತ್ತಡಿಗೂ ಕೆಳಗೆ ಇಳಿದಿರುತ್ತದೆ. ಅದಕ್ಕೇ ವಸಂತದಲ್ಲಿ ದನದ ಜಮೀನುದಾರರು ಗುಡ್ಡಕ್ಕೆ ಗುಡ್ಡವನ್ನೇ ಸುಟ್ಟರೂ ಹುಲ್ಲು ಸಾಯುವುದಿಲ್ಲ. ಒಣಗಿದ್ದು ಸುಟ್ಟುಹೋಗಿ, ಮರಗಿಡ ಬೆಳೆಯದಂತಾಗಿ, ಕೆಲವೇ ದಿನಗಳಲ್ಲಿ ಎಳೆ ಹಸಿರು ಬರುತ್ತದೆ. ಬಿಳಿಯರು ಬರುವುದಕ್ಕೆ ಎಷ್ಟೋ ಮೊದಲು ಅಲ್ಲಿನ ಮೂಲನಿವಾಸಿಗಳು ಹೀಗೆಯೇ ಬೆಂಕಿ ಹಾಕುತ್ತಿದ್ದರು.

ದೂರದಲ್ಲಿ ಬೈಸನ್ ಹಿಂಡು ಕಂಡಿತು. ನಮ್ಮ ಭದ್ರಾ ಕಾಡಿನ ಕಾಟಿಯನ್ನೂ ನಾವು ಬೈಸನ್ ಎನ್ನುತ್ತೇವೆ. ಇದು ಬೇರೆ, ಮುಂಭಾಗಕ್ಕೆಲ್ಲ ಕಂಬಳಿ ಹೊದ್ದ ಹಾಗೆ ಕೂದಲು. ಒಂದು ಕಾಲಕ್ಕೆ ಕೋಟಿಗಟ್ಟಲೆ ಇದ್ದವು. 1880ರ ದಶಕದ ಕೊನೆಗೆ ಕಾಡಿನಲ್ಲಿ ಸಾವಿರವೂ ಉಳಿಯದ ಹಾಗೆ ಹೊಡೆದುಹಾಕಿದರು. ಇಲ್ಲಿಗೆ 2009ರಲ್ಲಿ ಹದಿಮೂರನ್ನು ತಂದು ಬಿಟ್ಟರಂತೆ, ಈಗ ಹಿಂಡಾಗಿದೆ. ಹತ್ತಿರ ಹೋಗಬೇಡಿ ಎಂದು ಫಲಕ ಹಾಕಿದ್ದಾರೆ. ಮಗಳು ಸ್ಕೂಲಿನ ಗೋಡೆಯ ಮರೆಗೆ ಕೂತು ಮಗುವಿಗೆ ಹಾಲು ಕೊಡುತ್ತಾ ಅವುಗಳನ್ನೇ ನೋಡುತ್ತಿದ್ದಳು. "ಕರು ಯಾವಾಗ್ಲೂ ನಡುವೆ ಇರತ್ತೆ ನೋಡಮ್ಮ. ಸುತ್ತ ಎಲ್ಲಾ ದೊಡ್ಡವು" ಎಂದಳು.

ಮೂರು ಗಂಟೆಯ ಹೊತ್ತಿಗೆ ಕೌನ್ಸಿಲ್ ಗ್ರೋವ್ ಸೇರಿದೆವು. ಎರಡು ಸಾವಿರದಷ್ಟು ಜನರ ಊರಾದರೂ ಹೆಜ್ಜೆ ಹೆಜ್ಜೆಗೂ ಚರಿತ್ರೆ. ಮಿಸೌರಿಯಿಂದ ನೈಋತ್ಯದ ಸಾಂಟಾ ಫೇಗೆ ಸುಮಾರು 900 ಮೈಲಿ ಉದ್ದದ ವ್ಯಾಪಾರದ ಗಾಡಿದಾರಿ 1821ರಿಂದ ನಡೆಯುತ್ತಿತ್ತು. 1880ರಲ್ಲಿ ರೈಲು ಮುಟ್ಟಿದ ಮೇಲೆ ನಿಂತಿತು. ಆ ದಾರಿಯಲ್ಲಿ ಮರದ ನೆರಳು, ನೀರು ಎರಡೂ ಇದ್ದ ತಂಗುದಾಣ ಇದು. 1825ರಲ್ಲಿ ಇಲ್ಲೇ ಸಭೆ ಸೇರಿ, ಗಾಡಿಗಳು ಹಾದುಹೋಗಲು ಒಸೇಜ್ ಜನರ ಒಪ್ಪಿಗೆ ಪಡೆದರು. ಕೊಟ್ಟದ್ದು ಹಣ ಸಾಮಾನು ಸೇರಿ 800 ಡಾಲರು! ಸಭೆ ಸೇರಿದ ತೋಪು ಎಂದೇ ಊರಿಗೆ ಈ ಹೆಸರು. ಆ ಸಭೆಯ ಓಕ್ ಮರ 1958ರ ಬಿರುಗಾಳಿಗೆ ಬಿತ್ತು, ಬುಡವನ್ನು ಇಟ್ಟುಕೊಂಡಿದ್ದಾರೆ. ಇನ್ನೊಂದು ಓಕ್ ಮರಕ್ಕೆ ಪೋಸ್ಟ್ ಆಫೀಸ್ ಮರ ಎಂದೇ ಹೆಸರು. ಅದರ ಬುಡದ ಪೊಟರೆಯಲ್ಲಿ ಹೋಗುವವರು ಕಾಗದ ಇಟ್ಟರೆ, ಬರುವವರು ಎತ್ತಿಕೊಳ್ಳುತ್ತಿದ್ದರಂತೆ. ಅದೂ 1990ರಲ್ಲಿ ಒಣಗಿತು.

ಲಾಸ್ಟ್ ಚಾನ್ಸ್ ಎಂಬ ಕಲ್ಲಿನ ಅಂಗಡಿ 1857ರದ್ದು. 'ಕೊನೆಯ ಅವಕಾಶ', ಎಂದರೆ ಇಲ್ಲಿ ಕೊಳ್ಳದಿದ್ದರೆ ಮುಂದೆ ಸಿಗದು. ಗೃಹಿಣಿಯರಾದ ನಮಗೆ ಕುತೂಹಲ ಬರುವುದು ಸಾಮಾನು ಪಟ್ಟಿಯ ವಿಷಯಕ್ಕೆ ತಾನೇ? ಆ ದಾರಿಯಲ್ಲಿ ಓಡಾಡಿದ ವ್ಯಾಪಾರಿ ಜೋಸಯ್ಯ ಗ್ರೆಗ್ 1844ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅದನ್ನೂ ಬರೆದಿದ್ದಾನೆ. ಆಳಿಗೆ 50 ಪೌಂಡು ಹಿಟ್ಟು, 50 ಪೌಂಡು ಉಪ್ಪು ಹಾಕಿದ ಹಂದಿಮಾಂಸ, 10 ಪೌಂಡು ಕಾಫಿ, 20 ಪೌಂಡು ಸಕ್ಕರೆ, ಒಂದಿಷ್ಟು ಉಪ್ಪು. ಹುರುಳಿಕಾಯಿಯ ಬೀಜದಂಥ ಕಾಳು ಕೂಡ ಆ ಪ್ರಯಾಣಕ್ಕೆ ಶೋಕಿಯಂತೆ. ಹಿಟ್ಟು ಸುಮಾರು 23 ಕಿಲೋ, ಕಾಫಿ ನಾಲ್ಕೂವರೆ ಕಿಲೋ ಆಯಿತು. ಕಾಫಿ ವಿಷಯದಲ್ಲಿ ಮಾತ್ರ ನಾನು ಅವರನ್ನು ಮೆಚ್ಚಿದೆ.

ಈ ದಾರಿಯಲ್ಲಿ ಹೋದವರಲ್ಲಿ ಸೂಸನ್ ಮಗಾಫಿನ್ ಎಂಬ ಹುಡುಗಿಯ ಹೆಸರನ್ನು ನೀವು ನೆನಪಿಟ್ಟುಕೊಳ್ಳಬೇಕು. 1846ರ ಜೂನಿನಲ್ಲಿ ವ್ಯಾಪಾರಿ ಗಂಡನ ಜೊತೆ ಇದೇ ಕೌನ್ಸಿಲ್ ಗ್ರೋವ್ ಹಾದು ಹೋದಳು. ವಯಸ್ಸು ಹದಿನೆಂಟು, ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಜೊತೆಗೆ ಕೆಲಸದ ಹುಡುಗಿ, ಒಂದು ನಾಯಿ. ದಿನದಿನದ್ದೂ ದಿನಚರಿ ಬರೆದಳು. 1926ರಲ್ಲಿ ಅದು ಪುಸ್ತಕವಾಯಿತು. ಮೊದಮೊದಲು ಹೂ ಕಿತ್ತದ್ದು, ಗುಡಾರದ ಸೊಗಸು ಎಲ್ಲ ಇದೆ. ಜುಲೈ 4ರಂದು ಗಾಡಿ ಮಗುಚಿತು. ಬೆಂಟ್ಸ್ ಫೋರ್ಟ್ ಎಂಬ ಕೋಟೆ ಸೇರುವ ಹೊತ್ತಿಗೆ ಹಾಸಿಗೆ ಹಿಡಿದಿದ್ದಳು. ಹತ್ತೊಂಬತ್ತು ತುಂಬಿದ ಮರುದಿನವೇ ಗರ್ಭ ಹೋಯಿತು. ಅದೇ ಹೊತ್ತಿಗೆ ಕೆಳಗಿನ ಕೋಣೆಯಲ್ಲಿ ಅಲ್ಲಿನ ಮೂಲನಿವಾಸಿ ಹೆಂಗಸೊಬ್ಬಳು ಗುಂಡುಕಲ್ಲಿನಂಥ ಮಗುವನ್ನು ಹೆತ್ತು, ಅರ್ಧ ಗಂಟೆಯಲ್ಲಿ ನದಿಗೆ ಹೋಗಿ ತಾನೂ ಮಿಂದು ಮಗುವನ್ನೂ ಮೀಯಿಸಿದಳಂತೆ. ಸೂಸನ್ ಅದನ್ನು ಬೆರಗಿನಿಂದ ಬರೆದಿಟ್ಟಿದ್ದಾಳೆ. ಬೇರೊಬ್ಬಳ ಮೇಲೆ ಹೊಟ್ಟೆಕಿಚ್ಚಿನ ಮಾತಿಲ್ಲ. 1855ರಲ್ಲಿ ಅವಳು ತೀರಿಕೊಂಡಾಗ ವಯಸ್ಸು ಬರೀ ಇಪ್ಪತ್ತೆಂಟು. ಎಣ್ಣೆನೀರು ಹಾಕುವವರು, ಹೊಟ್ಟೆ ಕಟ್ಟುವವರು, ರಾತ್ರಿ ಮಗು ಅತ್ತರೆ "ನೀ ಮಲಗೇ, ನಾನಿದೀನಿ" ಎನ್ನುವವರು ಆ ದಾರಿಯಲ್ಲಿ ಯಾರಿದ್ದರು?

ಊರಿನ ನಡುವೆ ಒಂದು ಹೆಂಗಸಿನ ಕಲ್ಲುವಿಗ್ರಹ ಇದೆ. 'ದಾರಿಯ ತಾಯಿ' ಎನ್ನಬಹುದು. ತಲೆಗೆ ಬಟ್ಟೆಯ ಟೋಪಿ, ಎಡಗೈಲಿ ಕೂಸು, ಬಲಗೈಲಿ ಬಂದೂಕು, ಲಂಗ ಹಿಡಿದುಕೊಂಡು ನಿಂತ ಒಬ್ಬ ಚಿಕ್ಕ ಹುಡುಗ. ಒಂದು ಹೆಜ್ಜೆ ಮುಂದಿಟ್ಟಿದ್ದಾಳೆ. ಪೀಠವೂ ಸೇರಿ 18 ಅಡಿ. ಶಿಲ್ಪಿ ಆಗಸ್ಟ್ ಲೈಂಬಾಕ್. ಅಲ್ಲಿನ ಒಂದು ಮಹಿಳಾ ಸಂಸ್ಥೆ 1928-29ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ಇಂಥ ಹನ್ನೆರಡು ವಿಗ್ರಹ ನಿಲ್ಲಿಸಿತು. ಕೌನ್ಸಿಲ್ ಗ್ರೋವಿನದು 1928ರದ್ದು. ಅಡುಗೆಮನೆಯಿಂದ ಬಂದವಳಿಗೆ ಯಾರಾದರೂ ವಿಗ್ರಹ ಮಾಡಿಸಿದ್ದನ್ನು ನಾನು ನೋಡಿದ್ದು ಕಡಿಮೆ. ಸಂತೋಷವಾಯಿತು.

ಮಗಳು ಬಹಳ ಹೊತ್ತು ಅದರ ಕೆಳಗೆ ನಿಂತಿದ್ದಳು. ಆಮೇಲೆ, "ಅಮ್ಮ, ಇವಳಿಗೂ ಒಬ್ಬಳು ಅಮ್ಮ ಇದ್ದಿರ್ತಾಳಲ್ವಾ? ಅವಳನ್ನ ಬಿಟ್ಟು ಬಂದಿರ್ತಾಳೆ" ಎಂದಳು.

"ಇದ್ದೇ ಇರ್ತಾಳೆ."

"ಮತ್ತೆ ನೋಡಿರ್ತಾಳಾ?"

ನಾನು ಏನೂ ಹೇಳಲಿಲ್ಲ. ಗೊತ್ತಿದ್ದದ್ದನ್ನು ಅವಳ ಹತ್ತಿರ ಹೇಳುವುದೇನು? "ಮಗು ಕೊಡಿಲ್ಲಿ, ಕೈ ನೋಯತ್ತೆ ನಿಂಗೆ" ಎಂದು ಎತ್ತಿಕೊಂಡೆ. ಅಳಿಯಂದಿರು ಫೋಟೋ ತೆಗೆಯಲು ಬಂದವರು, ನಮ್ಮ ಮುಖ ನೋಡಿ ವಿಗ್ರಹದ್ದಷ್ಟೇ ತೆಗೆದುಕೊಂಡು ಹೋದರು.

ಆದರೆ ಆ ಊರಿನ ಕಥೆ ಈ ತಾಯಿಗೆ ಮುಗಿಯುವುದಿಲ್ಲ. ಅವಳ ಗಾಡಿ ಹೋಗಿ ನಿಂತ ನೆಲ ಯಾರದ್ದು? ಕಾವ್ ಅಥವಾ ಕಾಂಜಾ ಎಂಬ ಜನರದ್ದು. ಕ್ಯಾನ್ಸಸ್ ಎಂಬ ಹೆಸರೇ ಅವರದ್ದು. 1846ರ ಒಪ್ಪಂದದ ಮೇಲೆ ಅವರನ್ನು ಈ ಊರಿನ ಸುತ್ತಿನ ಇಪ್ಪತ್ತು ಮೈಲಿ ಚದರದ ಜಾಗಕ್ಕೆ ತಂದರು. 1859ರಲ್ಲಿ ಅದನ್ನೂ ಕುಗ್ಗಿಸಿದರು. ಸಿಡುಬು ಬಂದು ನೂರಾರು ಜನ ಹೋದರು. 1851ರಲ್ಲಿ ಕಟ್ಟಿದ ಪಾದ್ರಿಗಳ ಕಲ್ಲಿನ ಶಾಲೆ ಇನ್ನೂ ಇದೆ, ಈಗ ವಸ್ತುಸಂಗ್ರಹಾಲಯ. ಅಲ್ಲಿ ಕಾವ್ ಹುಡುಗರಿಗೆ 1854ರವರೆಗೆ ಪಾಠ ಹೇಳಿದರು, ಹುಡುಗಿಯರು ಬರಲಿಲ್ಲ. ಸರ್ಕಾರ ಸಾಲಾಗಿ ಕಲ್ಲಿನ ಗುಡಿಸಲು ಕಟ್ಟಿಸಿಕೊಟ್ಟಿತು. ಕಾವ್ ಜನ ತಮ್ಮ ಹಳೆಯ ಮನೆಗಳಲ್ಲೇ ಇದ್ದು, ಕಲ್ಲಿನವಕ್ಕೆ ಕುದುರೆ ಕಟ್ಟಿದರಂತೆ! ಮನೆ ಕಟ್ಟಿಸುವವರು ಅದರಲ್ಲಿ ಇರಬೇಕಾದವರನ್ನು ಕೇಳದಿದ್ದರೆ ಹೀಗೇ. 1873ರಲ್ಲಿ ಉಳಿದಿದ್ದ ಐನೂರು ಚಿಲ್ಲರೆ ಜನರನ್ನು ಈಗಿನ ಒಕ್ಲಹೋಮಾಕ್ಕೆ ಸಾಗಿಸಿಬಿಟ್ಟರು.

ಆಗ ಚಾರ್ಲ್ಸ್ ಕರ್ಟಿಸ್ ಎಂಬ ಹದಿಮೂರು ಹದಿನಾಲ್ಕರ ಹುಡುಗನಿದ್ದ. ತಾಯಿಯ ಕಡೆಯಿಂದ ಕಾವ್. ತಾಯಿ ಸತ್ತ ಮೇಲೆ ಕೆಲವು ವರ್ಷ ಈ ಊರಿನ ಹತ್ತಿರ ಅಜ್ಜಿಯ ಮನೆಯಲ್ಲೇ ಬೆಳೆದಿದ್ದ. ತನ್ನವರು ಹೊರಟಾಗ ತಾನೂ ಹೋಗುತ್ತೇನೆಂದು ಹಟ ಹಿಡಿದ. ತಾಯಿಯ ತಾಯಿ ಜೂಲಿ ಅವನನ್ನು ಒಪ್ಪಿಸಿ, ಟೊಪೀಕಾ ಊರಿಗೆ ಶಾಲೆ ಕಲಿಯಲು ವಾಪಸು ಕಳಿಸಿದಳು. ತಾನು ತನ್ನ ಜನದ ಜೊತೆ ದಕ್ಷಿಣಕ್ಕೆ. ಆ ಹುಡುಗ ಮುಂದೆ 1929ರಿಂದ 1933ರವರೆಗೆ ಅಮೆರಿಕದ ಉಪರಾಷ್ಟ್ರಪತಿಯಾಗಿದ್ದ. ಆ ಅಜ್ಜಿಯ ವಿಗ್ರಹ ಊರಿನಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ನೀವು ಹೋದರೆ ಹುಡುಕಿ ನೋಡಿ.

ಊರಿನಾಚೆ ಮೂರು ಮೈಲಿಗೆ ಕಾವ್ ಜನರ ಕೊನೆಯ ನಾಯಕರಲ್ಲಿ ಒಬ್ಬನಾದ ಅಲ್ಲೆಗವಾಹೋ ಹೆಸರಿನ ಸ್ಮಾರಕವನವಿದೆ. ಆ ನೆಲವನ್ನು ಕಾವ್ ಜನರೇ ಮತ್ತೆ ದುಡ್ಡು ಕೊಟ್ಟು ಕೊಂಡಿದ್ದಾರೆ. ಗುಡಿಸಲುಗಳ ಮೊಂಡುಗೋಡೆ ಹುಲ್ಲಿನ ನಡುವೆ ನಿಂತಿವೆ. ಅಲ್ಲಿ ಒಂದು ದೊಡ್ಡ ಕೆಂಪು ಬಂಡೆ ಇದೆ, 28 ಟನ್ ತೂಕ. ಅದು ಅವರಿಗೆ ಪೂಜ್ಯ; ಹಿಂದೆ ನದಿ ದಡದಲ್ಲಿತ್ತು. 1929ರಲ್ಲಿ ಲಾರೆನ್ಸ್ ಎಂಬ ಊರಿನವರು ಅದನ್ನು ಕಿತ್ತು ತಂದು, ತಮ್ಮ ಊರು ಕಟ್ಟಿದವರ ಹೆಸರಿನ ಫಲಕ ಬಡಿದು ಪಾರ್ಕಿನಲ್ಲಿ ನಿಲ್ಲಿಸಿಕೊಂಡಿದ್ದರು. 2021ರಲ್ಲಿ ಆ ಊರಿನ ಆಡಳಿತ ಕಾವ್ ಜನರ ಕ್ಷಮೆ ಕೇಳಿತು. 2024ರಲ್ಲಿ ಬಂಡೆ ಇಲ್ಲಿಗೆ ಬಂತು. ದೇವರ ಕಲ್ಲೆಂದರೆ ನಮಗೆ ಬಿಡಿಸಿ ಹೇಳಬೇಕೇ? ಚಪ್ಪಲಿ ಬಿಟ್ಟು, ದೂರದಿಂದಲೇ ಕೈಮುಗಿದೆ. ಮಗಳೂ ಬಿಟ್ಟಳು.

ಹೊತ್ತು ಇಳಿಯುತ್ತಿತ್ತು. ಬಂದ ದಾರಿಯಲ್ಲೇ ತಿರುಗಿದೆವು; ಹೋಗಿ ಬರುವುದೆಲ್ಲ ಸೇರಿ 300 ಕಿಲೋಮೀಟರಿಗೆ ಮೇಲಾಗುತ್ತದೆ, ಆದರೆ ಆಯಾಸವೆನಿಸದು. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹೋದರೆ ಎತ್ತರದ ಹುಲ್ಲು ಸಿಗುತ್ತದೆ. ಏಪ್ರಿಲಿನಲ್ಲಾದರೆ ಬೆಂಕಿ, ಕಪ್ಪು ಗುಡ್ಡ, ಎಳೆ ಹಸಿರು. ಜುಲೈ ಬಿಸಿಲಿನಲ್ಲಿ ಮಕ್ಕಳೊಂದಿಗೆ ಬೇಡ, ನೆರಳಿಗೆ ಒಂದು ಮರವೂ ಇರುವುದಿಲ್ಲ.

ಬಜಾರ್ ದಾಟುವ ಹೊತ್ತಿಗೆ ಮಗು ನಿದ್ದೆ ಹೋಗಿತ್ತು. ಎಲ್ಲರೂ ಸುಮ್ಮನಿದ್ದೆವು. ಅಂಟಿನುಂಡೆಯ ಡಬ್ಬಿ ತೆಗೆದು ಎಲ್ಲರ ಕೈಗೂ ಒಂದೊಂದು ಇಟ್ಟೆ. ಮಗಳು ಅರ್ಧ ತಿಂದು, ಹಿಂದಿನ ಸೀಟಿನಿಂದ ಗಂಡನಿಗೆ ಹೇಳಿದಳು: "ರೀ, ಮಗೂಗೆ ಪಾಸ್‌ಪೋರ್ಟ್ ಫೋಟೋ ತೆಗೆಸ್ಬೇಕು."

"ಈಗ ಯಾಕೆ?"

"ಸಂಕ್ರಾಂತಿ ಹೊತ್ತಿಗೆ ಊರಿಗೆ ಹೋಗ್ತೀನಿ. ಎರಡು ತಿಂಗಳು ಇರ್ತೀನಿ."

ಅಳಿಯಂದಿರು ಸ್ವಲ್ಪ ಹೊತ್ತು ರಸ್ತೆ ನೋಡಿದರು. "ಕಣ್ಣು ಬಿಟ್ಟಿರೋ ಫೋಟೋನೇ ಆಗ್ಬೇಕಂತೆ ಕಣೇ. ಇವಳು ಕ್ಯಾಮೆರಾ ಕಂಡ್ರೆ ನಿದ್ದೆ ಮಾಡ್ತಾಳಲ್ಲ" ಎಂದರು. ಮೂರು ಸಲ ಸ್ಟುಡಿಯೋಗೆ ಓಡಾಡಿದ ಮೇಲೆ, ನಾನು ವಿಮಾನ ಹತ್ತುವ ಹಿಂದಿನ ದಿನ ಒಂದು ಸರಿಯಾಗಿ ಬಂತು.